ಹದಿನೇಳರ ಶೇಷ

ಬೀದರದ ತರಬೇತಿ ಮುಗಿಸಿ ಔರಾದಿಗೆ ಹೊರಟ ಕಾರಿನಲ್ಲಿ ಆಮ್ರಪಾಲಿ ಮತ್ತು ನಜಮೋದ್ದೀನ ಮಾಸ್ತರರು ಜನವಾಡ ದಾಟಿದರೂ ಒಂದು ಮಾತೂ ಆಡಿರಲಿಲ್ಲ. ಇಬ್ಬರೂ ಔರಾದಿನ ಒಂದೇ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಮಾಸ್ತರರಿಗೆ ನಿವೃತ್ತಿ ಹತ್ತಿರ ಬಂದಿತ್ತು. ತಾಲೂಕಿನ ಯಾವ ಹಳ್ಳಿಗೆ ಹೋದರೂ ಅವರ ಹತ್ತಿರ ಲೆಕ್ಕ ಕಲಿತವರು ಒಬ್ಬರಾದರೂ ಎದ್ದು ನಿಂತು ಕೈ ಮುಗಿಯುತ್ತಿದ್ದರು. ಆಮ್ರಪಾಲಿ ಭಾಲ್ಕಿಯವಳು, ಹೋದ ವರ್ಷವಷ್ಟೇ ಕೆಲಸಕ್ಕೆ ಸೇರಿದವಳು. ಬೆಳಿಗ್ಗೆ ಹೋಗುವಾಗ ಮಾಸ್ತರರೇ ಕರೆದು ತಮ್ಮ ಹಳೆಯ ಕಾರಿನಲ್ಲಿ ಕೂರಿಸಿಕೊಂಡಿದ್ದರು. ತಮಗೆ ಗಣಿತ ಕಲಿಸಿದ ಉಸ್ತಾದರ ಕಥೆ ಹೇಳಿ ದಾರಿಯುದ್ದಕ್ಕೂ ನಗಿಸಿದ್ದರು. ಈಗ ಅದೇ ಮನುಷ್ಯ ಸ್ಟೇರಿಂಗ್ ಬಿಗಿಯಾಗಿ ಹಿಡಿದು, ತುಟಿ ಕಚ್ಚಿಕೊಂಡು, ರಸ್ತೆ ಬಿಟ್ಟು ಬೇರೆಲ್ಲೂ ನೋಡದೆ ಕೂತಿದ್ದರು.

ಜಗಳಕ್ಕೆ ಕಾರಣ ಒಂದು ಸಂಖ್ಯೆ.

ತರಬೇತಿಯ ಕೊನೆಯ ಹೊತ್ತಿನಲ್ಲಿ ಮಾಸ್ತರರು ಹಲಗೆಯ ಮೇಲೆ ಒಂದರ ಕೆಳಗೆ ಒಂದು ಬರೆದಿದ್ದರು. 31, 331, 3331, 33331, ಹೀಗೆ ಏಳು ಸಾಲು.

"ಇವು ಏಳೂ ಅವಿಭಾಜ್ಯ ಸಂಖ್ಯಾ ನೋಡ್ರಿ. ಒಂದು ಮತ್ತ ತಾನು, ಇವೆರಡು ಬಿಟ್ಟರ ಯಾವುದರಿಂದನೂ ಪೂರ್ತಿ ಭಾಗ ಹೋಗಲ್ಲ. ಮೂರು ಹಚ್ಚಿಕೋತ ಹೋಗ್ರಿ, ಕಡೀಗಿ ಒಂದು ಇಡ್ರಿ. ಅವಿಭಾಜ್ಯನೇ ಬರ್ತದ. ನಮ್ಮ ಉಸ್ತಾದರು ತೋರಿಸಿಕೊಟ್ಟದ್ದಿದು," ಎಂದು ಎಂಟನೆಯ ಸಾಲನ್ನೂ ಬರೆದರು: 333333331. ಮೂವತ್ತಮೂರು ಕೋಟಿ ಮೂವತ್ತಮೂರು ಲಕ್ಷ ಮೂವತ್ತಮೂರು ಸಾವಿರದ ಮುನ್ನೂರ ಮೂವತ್ತೊಂದು. ತರಬೇತಿ ನಡೆಸುವವರಿಗೆ ಇದು ಬಹಳ ಹಿಡಿಸಿತು. ಗೋಡೆಗೆ ತೂಗುಹಾಕುವ ತಕ್ತೆ ಮಾಡಿಸಿ ಜಿಲ್ಲೆಯ ಎಲ್ಲ ಶಾಲೆಗೂ ಕಳಿಸೋಣ ಎಂದರು.

ಆಗ ಆಮ್ರಪಾಲಿ ಎದ್ದು ನಿಂತಳು. "ಸರ, ಏಳರ ತನಕ ಖರೆ. ಎಂಟನೇದು ಯಾರರೆ ಭಾಗಿಸಿ ನೋಡ್ಯಾರೇನ್ರಿ?"

"ಏಳಕ್ಕ ಬಂದದ್ದು ಎಂಟನೇದಕ್ಕ ಯಾಕ ಬರಲ್ಲ?"

"ಬರಬಹುದ್ರಿ, ಬರದೇನೂ ಇರಬಹುದು. ಸಾಬೀತು ಆಗಬೇಕಲ್ಲರಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಇನ್ಯಾರೋ ಮೊಬೈಲ್ ತೆಗೆದರು. "ಮೊಬೈಲ್ ಒಳಗಿಡ್ರಿ," ಎಂದು ಮಾಸ್ತರರು ಗುಡುಗಿದರು. "ಲೆಕ್ಕದ ಮಾಸ್ತರ ಕೈಯಲೆ ಲೆಕ್ಕಾ ಮಾಡಬೇಕು." ಅಷ್ಟರಲ್ಲಿ ಹೊತ್ತು ಮುಗಿಯಿತು. ಎಲ್ಲರೂ ಬಸ್ಸು ಹಿಡಿಯುವ ಅವಸರದಲ್ಲಿ ಎದ್ದುಹೋದರು. ಸಂಖ್ಯೆ ಹಲಗೆಯ ಮೇಲೆ ಹಾಗೆಯೇ ಉಳಿಯಿತು.

ಕೌಠಾ ದಾಟಿದ ಮೇಲೆ ಆಮ್ರಪಾಲಿಗೆ ಈ ಮೌನ ತಡೆಯಲಾಗಲಿಲ್ಲ. "ಸರ, ತಪ್ಪು ತಿಳಕೋಬ್ಯಾಡ್ರಿ. ನಿಮಗ ಅವಮಾನ ಮಾಡಬೇಕಂತ ನಾ ಕೇಳಲಿಲ್ಲ."

"ಅಷ್ಟು ಮಂದಿ ಮುಂದ ನಗಿಸಿಬಿಟ್ಟು, ಈಗ ಅವಮಾನ ಅಲ್ಲ ಅಂತೀರಿ?" ಮಾಸ್ತರರು ಅವಳ ಕಡೆ ತಿರುಗಿದರು.

ಅವರು ತಿರುಗಿದ ಆ ಕ್ಷಣದಲ್ಲೇ ಎಡಗಡೆಯ ಸೋಯಾ ಹೊಲದಿಂದ ಎಮ್ಮೆಯೊಂದು ರಸ್ತೆಗೆ ಹತ್ತಿತು. ಆಮ್ರಪಾಲಿ ಕೂಗಿದಳು. ಮಾಸ್ತರರು ಸ್ಟೇರಿಂಗನ್ನು ಬಲಕ್ಕೆ ಎಳೆದರು. ಎಮ್ಮೆ ತಪ್ಪಿತು. ಕಾರು ರಸ್ತೆಯನ್ನು ಅಡ್ಡ ಸೀಳಿ, ಸಣ್ಣ ಸೇತುವೆಯ ಕಲ್ಲಿನ ಗೋಡೆಗೆ ಬಡಿದು, ಮೂತಿ ಕೆಳಗಾಗಿ ನಾಲೆಯೊಳಗೆ ಜಾರಿತು.

ಆಮ್ರಪಾಲಿ ಕಣ್ಣು ತೆರೆದಾಗ ಹಣೆಯಿಂದ ರಕ್ತ ಇಳಿದು ಹುಬ್ಬಿನ ಮೇಲೆ ನಿಂತಿತ್ತು. ಕೈಕಾಲು ಆಡಿಸಿ ನೋಡಿದಳು, ಆಡಿದವು. ತನ್ನ ಕಡೆಯ ಬಾಗಿಲನ್ನು ಒದ್ದು ತೆರೆದು ಹೊರಗೆ ಬಂದು, ಕೆಸರಿನಲ್ಲಿ ಸುತ್ತು ಹಾಕಿ ಮಾಸ್ತರರ ಕಡೆ ಹೋದಳು. ಕಾರಿನ ಬಲಗಡೆಯ ಮುಂಭಾಗ ಪೂರ್ತಿ ಒಳಕ್ಕೆ ಮಡಚಿಕೊಂಡಿತ್ತು. ಅವರ ಬಲಗಾಲು ಮೊಣಕಾಲಿನ ಕೆಳಗೆ ಆ ತಗಡಿನೊಳಗೆ ಸಿಕ್ಕಿಬಿದ್ದಿತ್ತು. ಪೈಜಾಮ ಒದ್ದೆಯಾಗಿತ್ತು. ಮುಟ್ಟಿ ನೋಡಿದಳು, ನೀರಲ್ಲ, ರಕ್ತ.

ಅವಳು ದುಪಟ್ಟಾ ತೆಗೆದು ಮೊಣಕಾಲಿನ ಮೇಲೆ ಎರಡು ಸುತ್ತು ಬಿಗಿದು ಕಟ್ಟಿದಳು. ಮಾಸ್ತರರು "ಯಾ ಅಲ್ಲಾ" ಎಂದು ಚೀರಿದರು. ಬಾಗಿಲನ್ನು ಎರಡೂ ಕೈಯಿಂದ ಎಳೆದಳು. ಅದು ಕದಲಲಿಲ್ಲ. ಅವಳ ಫೋನು ಬದುಕಿತ್ತು. ಆಂಬುಲೆನ್ಸಿಗೆ ಹಚ್ಚಿ, ಜಾಗ ಎಲ್ಲಿ, ಏನಾಗಿದೆ ಎಂದು ಹೇಳಿದಳು. ಆ ಕಡೆಯ ಹೆಣ್ಣುಮಗಳು ಶಾಂತವಾಗಿ ಉತ್ತರಿಸಿದಳು: "ಗಾಡಿ ಹೊರಟಿದೆ ಮೇಡಂ. ಅವರ ಜೊತೆ ಮಾತಾಡ್ತಾನೇ ಇರಿ. ಯಾವ ಕಾರಣಕ್ಕೂ ನಿದ್ದೆ ಹೋಗೋಕೆ ಬಿಡಬೇಡಿ." ಮತ್ತೆ ಏನೋ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಸದ್ದು ಕೇಳಿ ಹೊಲದಿಂದ ಒಬ್ಬ ಹೆಂಗಸು ಓಡಿ ಬಂದಳು. ಕೈಯಲ್ಲಿ ಕುಡುಗೋಲಿತ್ತು. ಕೇಶರಬಾಯಿ ಎಂದು ಅವಳ ಹೆಸರು. ಕಾರಿನೊಳಗೆ ಬಗ್ಗಿ ನೋಡಿ ಎದೆ ಬಡಿದುಕೊಂಡಳು. "ಅಯ್ಯವ್ವಾ, ಇವರು ನಮ್ಮ ಲೆಕ್ಕದ ಮಾಸ್ತರಲ್ಲೇನ್ರಿ! ನಮ್ಮ ಮಗಳಿಗಿ ಕಲಿಸ್ಯಾರ. ನೀವು ಇಲ್ಲೇ ಇರ್ರಿ ಬಾಯಾರ. ನಾ ಊರಾಗ ಹೋಗಿ ಟ್ರ್ಯಾಕ್ಟರ್ ತರಸ್ತೇನಿ, ಹಾರಿ, ಹಗ್ಗ ಎಲ್ಲಾ ತರಸ್ತೇನಿ." ಸೀರೆ ಎತ್ತಿ ಕಟ್ಟಿ ಹೊಲದ ಬದುವಿನ ಮೇಲೆ ಓಡಿದಳು.

ಆಮ್ರಪಾಲಿ ಕಿಟಕಿಯ ಪಕ್ಕ ಮೊಣಕಾಲೂರಿ ಕೂತಳು. "ಸರ, ನಿಮ್ಮ ಮಗಳು ಫರ್ಹೀನ ಈಗ ಎಲ್ಲಿ ಓದಲತ್ತಾಳ್ರಿ?"

"ಹ್ಞಾಂ... ಬೀದರ..."

"ಏನು ಓದಲತ್ತಾಳ?"

ಉತ್ತರ ಬರಲಿಲ್ಲ. ರೆಪ್ಪೆ ಇಳಿಯುತ್ತಿತ್ತು. ಅವಳು ಭುಜ ಹಿಡಿದು ಅಲ್ಲಾಡಿಸಿದಳು. ಮನೆಯ ವಿಷಯ ಕೇಳಿದಳು, ನೋವು ಎಲ್ಲಿದೆ ಎಂದು ಕೇಳಿದಳು, ಅವರ ಹೆಂಡತಿ ಬಿಸ್ಮಿಲ್ಲಾಬೀಯವರ ಹೆಸರು ಹೇಳಿದಳು. ಮಾಸ್ತರರು "ಹ್ಞಾಂ" ಎನ್ನುವುದನ್ನೂ ನಿಲ್ಲಿಸಿದರು. ಮುಖದ ಬಣ್ಣ ಬೂದಿಯಂತಾಗಿತ್ತು. ಏನು ಮಾತಾಡಿದರೆ ಈ ಮನುಷ್ಯ ಎಚ್ಚರ ಇರುತ್ತಾರೆ? ಅವಳಿಗೆ ಒಂದೇ ಒಂದು ಹೊಳೆಯಿತು.

"ಸರ," ಎಂದು ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿದಳು. "ನಿಮ್ಮ ಎಂಟನೇ ಸಂಖ್ಯಾ ತಪ್ಪದ."

ಮಾಸ್ತರರ ಕಣ್ಣು ತೆರೆಯಿತು. "ಏನಂದ್ರಿ?"

"ತಪ್ಪದ ಅಂದೆ. ಯಾವುದರಿಂದರೆ ಭಾಗ ಹೋಗೇ ಹೋಗ್ತದ."

"ಯಾವುದರಿಂದ? ಹೇಳ್ರಿ ನೋಡೋಣ."

"ನೀವೇ ನೋಡ್ರಿ. ಕೈಯಲೆ ಲೆಕ್ಕಾ ಮಾಡಬೇಕಂದವರು ನೀವೇ." ಅವಳು ಬಾಗಿಲಿನ ಧೂಳಿನ ಮೇಲೆ ಬೆರಳಿನಿಂದ ಸಂಖ್ಯೆಯನ್ನು ಬರೆದಳು. ಎಂಟು ಮೂರು, ಕೊನೆಗೆ ಒಂದು.

ಮಾಸ್ತರರು ಕತ್ತು ಹೊರಳಿಸಿ ನೋಡಿದರು. ಉಸಿರು ಎಳೆದುಕೊಂಡರು. "ಎರಡು, ಐದು ಕೇಳೋದೇ ಬ್ಯಾಡ. ಮೂರಕ್ಕ ಹೋಗಲ್ಲ. ಅಂಕಿ ಎಲ್ಲಾ ಕೂಡಿಸಿದರ ಇಪ್ಪತ್ತೈದು. ಒಂದು ಬಾಕಿ." ಶೇಷಕ್ಕೆ ಅವರು ಬಾಕಿ ಎನ್ನುತ್ತಿದ್ದರು, ಉರ್ದು ಶಾಲೆಯಲ್ಲಿ ಕಲಿತವರು. "ಈಗ ಮೂರು ಮೂರು ಅಂಕಿ ಗುಂಪು ಮಾಡ್ರಿ. 331ರಾಗ 333 ಕಳೀರಿ, ಮತ್ತ 333 ಕೂಡಸ್ರಿ. ಎಷ್ಟಾತು?"

"331 ರಿ."

"ಅದರ ಮ್ಯಾಲಿ ಏಳು, ಹನ್ನೊಂದು, ಹದಿಮೂರು, ಮೂರೂ ಒಮ್ಮೆಲೇ ನೋಡಬಹುದು. ಏಳಕ್ಕ ಎರಡು ಬಾಕಿ. ಹನ್ನೊಂದಕ್ಕ ಒಂದು. ಹದಿಮೂರಕ್ಕ... ಹದಿಮೂರಕ್ಕ ಆರು." ಅವರ ತುಟಿಯ ತುದಿಯಲ್ಲಿ ನಗುವಿನಂಥದ್ದು ಬಂದು ಹೋಯಿತು. "ಎಲ್ಲಿ ತನಕ ನೋಡಬೇಕಾಗ್ತದ ಗೊತ್ತದೇನು?"

"ವರ್ಗಮೂಲದ ತನಕರಿ. ಹದಿನೆಂಟು ಸಾವಿರದ ಚಿಲ್ಲರೆ." ಅಲ್ಲಿಯವರೆಗೆ ಒಂದೂ ಭಾಜಕ ಸಿಗದಿದ್ದರೆ ಸಂಖ್ಯೆ ಅವಿಭಾಜ್ಯ ಎಂದು ಇಬ್ಬರಿಗೂ ಗೊತ್ತಿತ್ತು. ಅಷ್ಟು ದೂರ ಹೋಗಲು ದಿನಗಳೇ ಬೇಕೆಂದೂ ಗೊತ್ತಿತ್ತು. ಆಮ್ರಪಾಲಿಗೆ ಬೇಕಾಗಿದ್ದುದೂ ಅದೇ.

ಮಾಸ್ತರರು ತಲೆಯನ್ನು ಸೀಟಿಗೆ ಆನಿಸಿದರು. "ನೀವು ಅಂದಂಗ ಒಂದು ಸಿಕ್ಕಬಿಟ್ಟರ ಛಲೋನೇ ಆಗ್ತದ. ಸೋತೆ ಅಂತ ಒಪ್ಪಿ ಕಣ್ಣು ಮುಚ್ತೇನಿ. ಭಾಳ ದಣಿವಾಗ್ಯಾದ ಬೇಟಾ."

ಇಷ್ಟು ದಿನ ಅವಳನ್ನು ಮೇಡಂ ಎಂದೇ ಕರೆದವರು. ಅವಳು ರಸ್ತೆಯ ಕಡೆ ನೋಡಿದಳು, ಯಾರೂ ಇಲ್ಲ. "ಹದಿನೇಳು ನೋಡ್ರಿ ಸರ," ಎಂದಳು.

"ಹದಿನೇಳು... ಮೂವತ್ತಮೂರರಾಗ ಒಂದು ಸಲ. ಹದಿನಾರು ಬಾಕಿ. ಮೂರು ಇಳಿಸಿದರ ನೂರಾ ಅರವತ್ತಮೂರು. ಹದಿನೇಳ ಒಂಬತ್ತಲೆ... ನೂರಾ ಐವತ್ತಮೂರು. ಹತ್ತು ಬಾಕಿ." ಮಾತು ಎಳೆಯುತ್ತಿತ್ತು. ಆಮ್ರಪಾಲಿಯ ಮನಸ್ಸು ತಾನಾಗಿಯೇ ಮುಂದೆ ಓಡಿತು. ನೂರಾ ಮೂರು, ಒಂದು ಉಳಿಯಿತು. ಹದಿಮೂರು, ಹೋಗುವುದಿಲ್ಲ. ನೂರಾ ಮೂವತ್ತಮೂರು, ಹದಿನಾಲ್ಕು. ನೂರಾ ನಲವತ್ತಮೂರು, ಏಳು. ಎಪ್ಪತ್ತಮೂರು, ಐದು. ಕೊನೆಯ ಒಂದನ್ನು ಇಳಿಸಿದಳು. ಐವತ್ತೊಂದು.

ಹದಿನೇಳು ಮೂರಲೆ ಐವತ್ತೊಂದು. ಏನೂ ಉಳಿಯಲಿಲ್ಲ.

ಮತ್ತೊಮ್ಮೆ ಮೊದಲಿನಿಂದ ಮಾಡಿದಳು, ಮತ್ತೆ ಸೊನ್ನೆ. ಹಲಗೆಯ ಮುಂದೆ ಅವಳು ಎತ್ತಿದ ಅನುಮಾನವೇ ಸರಿ. ಸಂಖ್ಯೆ ಹದಿನೇಳರಿಂದ ಪೂರ್ತಿ ಭಾಗವಾಗುತ್ತದೆ. ಮಾಸ್ತರರು ಇನ್ನೂ ನೂರಾ ಮೂರರಲ್ಲಿ ತಡವರಿಸುತ್ತಿದ್ದರು. ಇನ್ನು ನಾಲ್ಕೈದು ಅಂಕಿ ಇಳಿಸಿದರೆ ಅವರಿಗೂ ಅದೇ ಸಿಗುತ್ತದೆ. ಸೋತೆ ಎಂದು ಒಪ್ಪಿ ಕಣ್ಣು ಮುಚ್ಚುತ್ತಾರೆ.

"ಸರ, ಹದಿನೇಳು ನಾ ನೋಡೀನ್ರಿ," ಎಂದಳು. ತನ್ನ ದನಿ ತನಗೇ ಬೇರೆಯವರದೆನ್ನಿಸಿತು. "ಐದು ಉಳೀತದ. ನೀವು ಹತ್ತೊಂಬತ್ತು ಹಿಡೀರಿ."

"ಐದಾ? ಖರೇನೇ ನೋಡೀರಿ?"

"ಖರೇರಿ ಸರ."

ಅವರು ತಲೆಯಾಡಿಸಿದರು. ಲೆಕ್ಕ ಕಲಿಸುವವಳು ಶೇಷವನ್ನು ಸುಳ್ಳು ಹೇಳಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. "ಹತ್ತೊಂಬತ್ತು," ಎಂದು ಶುರು ಮಾಡಿದರು.

ಹತ್ತೊಂಬತ್ತಕ್ಕೆ ಹತ್ತು ಉಳಿಯಿತು. ಇಪ್ಪತ್ತಮೂರಕ್ಕೆ ಹನ್ನೆರಡು. ಇಪ್ಪತ್ತೊಂಬತ್ತರಲ್ಲಿ ಅವರು ನಡುವೆ ಸಿಕ್ಕಿಕೊಂಡರು. "ಇಪ್ಪತ್ತೊಂಬತ್ತು ಒಂಬತ್ತಲೆ... ಎರಡು ನೂರಾ ಐವತ್ತೊಂದು."

"ಅರವತ್ತೊಂದು ಸರ. ಎರಡು ನೂರಾ ಅರವತ್ತೊಂದು."

"ಹೌದಾ? ಅರವತ್ತೊಂದು..." ಬಾಯಿಪಾಠದ ಮಗ್ಗಿ ತಪ್ಪಿದ್ದಕ್ಕೆ ಅವರ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತು. ಆಮ್ರಪಾಲಿ ಅವರ ಕೈ ಹಿಡಿದಳು. ಐಸಿನಂತೆ ಇತ್ತು. ಮೂವತ್ತೊಂದನ್ನು ಹೆಚ್ಚುಕಡಿಮೆ ಅವಳೇ ಮಾಡಿದಳು, ಪ್ರತಿ ಹೆಜ್ಜೆಗೂ "ಹೌದಲ್ಲರಿ? ಹೇಳ್ರಿ ಸರ, ಹೌದಲ್ಲ?" ಎಂದು ಕೇಳುತ್ತ, ಅವರಿಂದ "ಹ್ಞೂಂ" ಅನ್ನಿಸುತ್ತ. ಮೂರು ಉಳಿಯಿತು. ಆಮೇಲೆ ಅವರು ಮಾತಾಡಲಿಲ್ಲ. ತಲೆ ಭುಜದ ಮೇಲೆ ವಾಲಿತು.

"ಸರ! ಮೂವತ್ತೇಳು! ಮೂವತ್ತೇಳಕ್ಕ ಎಷ್ಟು?" ಅವಳು ಕೆನ್ನೆ ತಟ್ಟಿದಳು, ಮತ್ತೆ ತಟ್ಟಿದಳು, ಕೊನೆಗೆ ಹೊಡೆದೇಬಿಟ್ಟಳು. "ಸರ, ಹೇಳ್ರಿ! ಮೂವತ್ತೇಳು!"

ಬಹಳ ಹೊತ್ತಾದ ಮೇಲೆ ಎಂಬಂತೆ ತುಟಿ ಅಲ್ಲಾಡಿತು. "ಅದು ಸಸಾರ... ಮೂವತ್ತೇಳ ಒಂಬತ್ತಲೆ ಮುನ್ನೂರ ಮೂವತ್ತಮೂರು. ಮೊದಲಿನ ಎರಡು ಗುಂಪು ಹಾರಿಹೋದವು. 331 ಉಳೀತು... ಮೂವತ್ತೈದು ಬಾಕಿ."

ಬದುವಿನ ಆಚೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಟ್ರೇಲರಿನಲ್ಲಿ ಗಂಡಸರ ಮುಂದೆ ಕೇಶರಬಾಯಿ ನಿಂತಿದ್ದಳು. ಹಾರೆ ಹಾಕಿ ತಗಡು ಮೀಟಿದರು, ಹಗ್ಗ ಕಟ್ಟಿ ಬಾಗಿಲು ಕಿತ್ತರು. ಕಾಲು ಹೊರಗೆ ಬಂದಾಗ ಆಮ್ರಪಾಲಿ ಮುಖ ತಿರುಗಿಸಿದಳು. ಆಂಬುಲೆನ್ಸು ಅಷ್ಟರಲ್ಲಿ ಸೇತುವೆಯ ಮೇಲೆ ಬಂದು ನಿಂತಿತ್ತು.

ಬೀದರದ ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಪಾದ ಉಳಿಯಲಿಲ್ಲ. ಅಲ್ಲೇ ಪ್ರಜ್ಞೆ ತಪ್ಪಿ ಬಿದ್ದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಹಣೆಗೆ ಹೊಲಿಗೆ ಹಾಕಿಸಿಕೊಂಡು ಆಮ್ರಪಾಲಿ ಭಾಲ್ಕಿಗೆ ಅವ್ವನ ಮನೆಗೆ ಹೋದಳು. ಎಲ್ಲರೂ ಹೊಗಳಿದರು. ಓಣಿಯವರು ಬಂದು ನೋಡಿಹೋದರು. ಅವಳಿಗೆ ಅನ್ನ ಇಳಿಯಲಿಲ್ಲ.

ಮೂರನೆಯ ಸಂಜೆ ಅವ್ವ ಜಿಜಾಬಾಯಿ ಬುದ್ಧನ ಫೋಟೋದ ಮುಂದೆ ಮೇಣದಬತ್ತಿ ಹಚ್ಚಿ ಪಂಚಶೀಲ ಹೇಳುತ್ತಿದ್ದಳು. ಜೊತೆಗೆ ಹೇಳುತ್ತಿದ್ದ ಆಮ್ರಪಾಲಿ ನಾಲ್ಕನೆಯದಕ್ಕೆ, ಸುಳ್ಳು ಹೇಳುವುದಿಲ್ಲ ಎಂಬ ಮಾತಿಗೆ, ನಿಂತುಬಿಟ್ಟಳು. ಅವ್ವ ವಂದನೆ ಮುಗಿಸಿ ತಿರುಗಿದಳು.

"ಯಾಕ, ಏನಾತು?"

ಆಮ್ರಪಾಲಿ ಎಲ್ಲ ಹೇಳಿದಳು. ಜಿಜಾಬಾಯಿಗೆ ಭಾಗಾಕಾರ ತಿಳಿಯದಿದ್ದರೂ ವಿಷಯ ತಿಳಿಯಿತು.

"ಅವಾಗ ಹೇಳಿದ್ದರ ಮನುಷ್ಯ ಉಳೀತಿದ್ದಿಲ್ಲ ಅಂತೀದಿ. ಆತು. ಈಗ ಉಳದಾನಲ್ಲ?"

"ಉಳದಾರ."

"ಮತ್ತ ಈಗ ಹೇಳಲಿಕ್ಕ ಏನು ತಡಾ?"

"ಅವರು ನನ್ನ ಮುಖಾ ನೋಡಲ್ಲವ್ವಾ."

"ನೋಡದಿದ್ದರ ಬಿಡಲಿ. ನಾಳಿ ಮುಂಜಾನಿ ಮೊದಲನೇ ಬಸ್ಸಿಗೆ ಹೋಗು."

ವಾರ್ಡಿನಲ್ಲಿ ಬಿಸ್ಮಿಲ್ಲಾಬೀ ಅವಳನ್ನು ಕಂಡೊಡನೆ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. "ಬಾ ಬೇಟಿ, ಬಾ. ಇವರು ಬಂದವರಿಗೆಲ್ಲ ನಿನ್ನ ಹೆಸರೇ ಹೇಳಲತ್ತಾರ." ಮಾಸ್ತರರು ದಿಂಬಿಗೆ ಒರಗಿ ಮಲಗಿದ್ದರು. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅವಳನ್ನು ನೋಡಿ ಮುಖ ಅರಳಿತು.

"ಬರ್ರಿ ಮೇಡಂ. ತರಬೇತಿಯವರು ಫೋನ್ ಮಾಡಿದ್ರು. ತಕ್ತಿ ಛಾಪಖಾನಿಗೆ ಹೋಗ್ತದಂತ. ನಾ ಹೇಳೇನಿ, ಎಂಟನೇದನ್ನ ನಾನು ಮತ್ತ ಆಮ್ರಪಾಲಿ ಮೇಡಂ ಇಬ್ಬರೂ ಕೂಡಿ ಮೂವತ್ತೇಳರ ತನಕ ನೋಡೇವಿ, ಒಂದಕ್ಕೂ ಹೋಗಿಲ್ಲ, ಅವರ ಹೆಸರೂ ಹಾಕ್ರಿ ಅಂತ."

ಆಮ್ರಪಾಲಿ ಸ್ಟೂಲಿನ ಮೇಲೆ ಕೂರಲಿಲ್ಲ. ನಿಂತೇ ಹೇಳಿದಳು. "ನನ್ನ ಹೆಸರು ಬ್ಯಾಡ್ರಿ ಸರ. ತಕ್ತೀನೂ ಬ್ಯಾಡ. ಹದಿನೇಳರಿಂದ ಹೋಗ್ತದ."

"ಹದಿನೇಳಕ್ಕ ಐದು ಬಾಕಿ. ನೀವೇ ಹೇಳಿದ್ರಿ."

"ಸುಳ್ಳು ಹೇಳಿದೆ."

ಬಿಸ್ಮಿಲ್ಲಾಬೀ ಇಬ್ಬರ ಮುಖವನ್ನೂ ನೋಡಿದರು. ಮಾಸ್ತರರ ನಗು ಮೆಲ್ಲಗೆ ಆರಿತು. "ಯಾವಾಗ ಗೊತ್ತಾತು ನಿಮಗ?"

"ಅಲ್ಲೇರಿ. ನೀವು ಭಾಗಿಸಲತ್ತಿದ್ದಾಗ."

"ಗೊತ್ತಿದ್ದೂ ನನಗ ಹತ್ತೊಂಬತ್ತು ಹಿಡೀರಿ ಅಂದ್ರಿ? ಇಪ್ಪತ್ತಮೂರು, ಇಪ್ಪತ್ತೊಂಬತ್ತು, ಎಲ್ಲಾ ಮಾಡಿಸಿದ್ರಿ?"

"ಒಂದು ಸಿಕ್ಕರ ಕಣ್ಣು ಮುಚ್ತೇನಿ ಅಂದಿದ್ರಿ ಸರ. ನನಗ ಹೆದರಿಕಿ ಆತು."

"ನಾ ನಿಮ್ಮ ಮ್ಯಾಲಿ ವಿಶ್ವಾಸ ಇಟ್ಟು ಮುಂದ ಹೋದೆ." ಮಾಸ್ತರರು ದಿಂಬಿನಿಂದ ತಲೆ ಎತ್ತಿದರು. "ಮನುಷ್ಯರ ಮಾತು ಹ್ಯಾಂಗರೆ ಇರಲಿ. ಲೆಕ್ಕದಾಗ ಯಾರೂ ನನಗ ಇಷ್ಟು ದಿನ ಸುಳ್ಳು ಹೇಳಿದ್ದಿಲ್ಲ."

"ಏನ್ ಮಾತಾಡಲತ್ತೀರಿ?" ಬಿಸ್ಮಿಲ್ಲಾಬೀಗೆ ತಡೆಯಲಾಗಲಿಲ್ಲ. "ಈ ಹುಡುಗಿ ಇಲ್ಲದಿದ್ದರ ನೀವು ಇಲ್ಲಿ ಮಕ್ಕೊಂಡು ಸಿಟ್ಟು ಮಾಡ್ತಿದ್ರೇನು?"

"ಅದು ಬ್ಯಾರೆ. ಇದು ಬ್ಯಾರೆ. ನೀ ಸುಮ್ಮನಿರು."

ಕೈಯೂರಿ ಮೇಲೆ ಜರುಗಿ, ನೋವಿಗೆ ಹಲ್ಲು ಕಚ್ಚಿ, ನೆಟ್ಟಗೆ ಕೂತರು. ಕಿಟಕಿಯ ಕಡೆ ಮುಖ ಮಾಡಿ ಮೆಲುದನಿಯಲ್ಲಿ ಭಾಗಿಸತೊಡಗಿದರು. ಈ ಸಲ ಎಲ್ಲೂ ತಡವರಿಸಲಿಲ್ಲ. ಪಕ್ಕದ ಮಂಚದ ರೋಗಿ ಎದ್ದು ಕೂತು ನೋಡುತ್ತಿದ್ದ. "ಎಪ್ಪತ್ತಮೂರು. ಹದಿನೇಳ ನಾಕಲೆ ಅರವತ್ತೆಂಟು. ಐದು." ಇಲ್ಲಿ ಒಂದು ಗಳಿಗೆ ನಿಂತು ಅವಳ ಕಡೆ ನೋಡಿದರು. "ಒಂದು ಇಳಿಸಿದರ ಐವತ್ತೊಂದು. ಹದಿನೇಳ ಮೂರಲೆ ಐವತ್ತೊಂದು. ಬಾಕಿ ಸೊನ್ನಿ."

ಆಮೇಲೆ ಹೆಂಡತಿಯ ಕಡೆ ಕೈ ಚಾಚಿದರು. "ಫೋನ್ ಕೊಡು."

ಅವರು ಯಾರಿಗೆ ಹಚ್ಚುತ್ತಿದ್ದಾರೆಂದು ಆಮ್ರಪಾಲಿಗೆ ಮೊದಲ ಮಾತಿಗೇ ತಿಳಿಯಿತು. "ನಮಸ್ಕಾರ್ರಿ, ನಜಮೋದ್ದೀನ ಮಾತಾಡೋದು. ಆ ತಕ್ತಿ ಛಾಪಿಸಬ್ಯಾಡ್ರಿ. ಎಂಟನೇದು ತಪ್ಪದ. ಹ್ಞೂಂ. ಹದಿನೇಳರಿಂದ ಪೂರ್ತಿ ಹೋಗ್ತದ, ಭಾಗಲಬ್ಧ ಬರಕೋರಿ, ಒಂದು ಕೋಟಿ ತೊಂಬತ್ತಾರು ಲಕ್ಷ ಏಳು ಸಾವಿರದ ಎಂಟು ನೂರಾ ನಲವತ್ತಮೂರು. ಇಲ್ರಿ, ನಾ ಈಗ ಕೈಯಲೆ ಮಾಡೇನಿ. ಆಮ್ರಪಾಲಿ ಮೇಡಂ ಅವತ್ತು ಎದ್ದು ನಿಂತು ಕೇಳಿದ್ದು ಬರೋಬರಿ ಇತ್ತು. ಅಷ್ಟೂ ಮಂದಿಗೆ ಹೇಳ್ರಿ." ಫೋನು ಇಟ್ಟರು.

ಆಮ್ರಪಾಲಿ ಏನೋ ಹೇಳಲು ಬಾಯಿ ತೆರೆದಳು. ಅವರು ಕೈ ಎತ್ತಿ ತಡೆದರು.

"ನನ್ನ ಸಿಟ್ಟು ಇನ್ನಾ ಹೋಗಿಲ್ಲ. ಹೋಗಲಿಕ್ಕ ಟೈಮ್ ಹಿಡೀತದ. ಸೋಮವಾರದಿಂದ ನನ್ನ ಹತ್ತನೇ ಕ್ಲಾಸು ನೀವು ತಗೋರಿ. ತ್ರಿಭುಜ ಅರ್ಧಕ್ಕ ನಿಂತದ. ಹಿಂದಿನ ಬೆಂಚಿನವರಿಗಿ ಒಂದಕ್ಕ ಎರಡು ಸಲ ಹೇಳಬೇಕಾಗ್ತದ, ಬೈಬ್ಯಾಡ್ರಿ."

"ಹೂಂ ರಿ ಸರ."

ಅವಳು ಹೊರಗೆ ಬಂದಾಗ ಬಿಸ್ಮಿಲ್ಲಾಬೀ ಮೆಟ್ಟಿಲಿನ ತನಕ ಹಿಂದೆಯೇ ಬಂದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಆದರೆ ಮುಖ ಹಗುರಾಗಿತ್ತು. "ಆಪರೇಷನ್ ಆದಾಗಿಂದ ಎದ್ದು ಕುಂತಿದ್ದಿಲ್ಲ ಬೇಟಿ. ಡಾಕ್ಟರು ಹೇಳಿದರೂ ಕುಂಡ್ರಲಿಲ್ಲ, ನಾ ಅತ್ತು ಕರದರೂ ಕುಂಡ್ರಲಿಲ್ಲ. ಇವತ್ತ ನಿನ್ನ ಮ್ಯಾಲಿನ ಸಿಟ್ಟಿಗಿ ತಾವಾಗೇ ಕುಂತಾರ. ಮುಂದಿನ ಐತವಾರ ಮತ್ತ ಬಾ."

"ಬರ್ತೇನ್ರಿ," ಎಂದಳು ಆಮ್ರಪಾಲಿ. ಔರಾದಿನ ಬಸ್ಸು ಹೊರಡುವ ಹೊತ್ತಾಗಿತ್ತು. ಮೆಟ್ಟಿಲಿಳಿದು, ಆಟೋ ಕೈಮಾಡಿ ನಿಲ್ಲಿಸಿ, ಬಸ್‌ಸ್ಟ್ಯಾಂಡಿಗೆ ಎಂದಳು.